ಮಗುವಿನ ಧರ್ಮ, ಶಾಲೆಯ ಧರ್ಮ

ಅರಸೀಕೆರೆಯ ಸರ್ಕಾರಿ ಶಾಲೆಯೊಂದರ ಮಕ್ಕಳು ಬೇಲೂರು, ಹಳೇಬೀಡಿಗೆ ಶೈಕ್ಷಣಿಕ ಪ್ರವಾಸ ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ಬೇಲೂರಿನಲ್ಲಿ ಮೇಷ್ಟ್ರು ಹಿರಣ್ಯಕಶಿಪುವಿನ ಕರುಳು ಬಗೆಯುವ ನರಸಿಂಹನನ್ನು ತೋರಿಸಿ ಪ್ರಹ್ಲಾದನ ಕಥೆ ಹೇಳುತ್ತಾರೆ. ಹೊಯ್ಸಳೇಶ್ವರದಲ್ಲಿ ಶಿವನ ಕಥೆ. ಅಲ್ಲಿಂದ ಕೂಗಳತೆಯ ಬಸದಿಹಳ್ಳಿಗೆ ಹೋದರೆ, ಪಾರ್ಶ್ವನಾಥ ಬಸದಿಯ ಮುಖ ಕಾಣುವಷ್ಟು ನುಣುಪಾದ ಕಂಬಗಳ ನಡುವೆ ತೀರ್ಥಂಕರರ ಕಥೆ. ಸರ್ಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಹಾಗಾದರೆ ಈ ಮೇಷ್ಟ್ರು ಕಾನೂನು ಮುರಿದರೇ? ಇಲ್ಲ. ಧರ್ಮಗಳ ಬಗ್ಗೆ ತಿಳಿಸುವುದು ಬೇರೆ, ಧರ್ಮವನ್ನು ಬೋಧಿಸುವುದು ಬೇರೆ ಎಂದು 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಅದೇ ಮೇಷ್ಟ್ರು ಚೆನ್ನಕೇಶವನ ಮುಂದೆ ನಿಂತು, ಎಲ್ಲರೂ ಕೈ ಮುಗಿಯಿರಿ, ಮುಗಿಯದವರ ಹೆಸರು ಬರೆದುಕೊಳ್ಳುತ್ತೇನೆ ಎಂದರೆ ಮಾತ್ರ ಗೆರೆ ದಾಟಿದಂತೆ. ಒಬ್ಬ ಹುಡುಗ ತಾನಾಗಿಯೇ ಕೈ ಮುಗಿದರೂ, ಪಕ್ಕದ ಹುಡುಗಿ ಮುಗಿಯದೆ ಸುಮ್ಮನೆ ನಿಂತರೂ, ಅದು 25ನೇ ವಿಧಿ ಅವರಿಬ್ಬರಿಗೂ ಕೊಟ್ಟ ಸ್ವಾತಂತ್ರ್ಯ. ಸರ್ಕಾರಿ ಶಾಲೆಯಲ್ಲಿ ಧರ್ಮದ ಪ್ರಶ್ನೆ ಎದ್ದಾಗಲೆಲ್ಲ ನಾವು ಮೊದಲು ಕೇಳಬೇಕಾದದ್ದು ಇದನ್ನೇ: ಇದು ಶಾಲೆಯ ಕೆಲಸವೋ, ಮಗುವಿನ ಕೆಲಸವೋ?

ಕರ್ನಾಟಕ ಈ ಪ್ರಶ್ನೆಯನ್ನು ಬದಿಗಿಟ್ಟು ಬೇರೊಂದನ್ನು ಕೇಳಿತು. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ವಿವಾದ ಹೊತ್ತಿಕೊಂಡ ಮೇಲೆ, 2022ರ ಫೆಬ್ರವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಹೈಕೋರ್ಟಿನ ತ್ರಿಸದಸ್ಯ ಪೀಠ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಹೇಳಿ ಆದೇಶವನ್ನು ಎತ್ತಿಹಿಡಿಯಿತು. ಈ 'ಅತ್ಯಗತ್ಯ ಆಚರಣೆ' ಎಂಬ ಒರೆಗಲ್ಲು ಹುಟ್ಟಿದ್ದೂ ಉಡುಪಿಯದೇ ವ್ಯಾಜ್ಯದಲ್ಲಿ ಎಂಬುದು ವಿಚಿತ್ರ. 1954ರ ಶಿರೂರು ಮಠದ ಪ್ರಕರಣದಲ್ಲಿ ಮಠದ ಆಡಳಿತದೊಳಗೆ ಸರ್ಕಾರ ಎಷ್ಟು ಕೈಹಾಕಬಹುದು ಎಂಬ ಚರ್ಚೆಯ ನಡುವೆ ಅದು ಬಂತು. ಮಠವೆಂಬ ಸಂಸ್ಥೆಯನ್ನು ಕಾಯಲು ಬಂದ ಅಳತೆಗೋಲಿನಿಂದ ಹದಿನೇಳರ ಹುಡುಗಿಯ ಮನಸ್ಸನ್ನು ಅಳೆಯಲು ಹೋದರೆ, ನ್ಯಾಯಾಧೀಶರು ಧರ್ಮಗ್ರಂಥಗಳ ವ್ಯಾಖ್ಯಾನಕಾರರಾಗಿ ಕೂರಬೇಕಾಗುತ್ತದೆ. 1986ರಲ್ಲಿ ಸುಪ್ರೀಂ ಕೋರ್ಟ್ ಹೆಚ್ಚು ಸರಳವಾದ ದಾರಿ ಹಿಡಿದಿತ್ತು. ಕೇರಳದ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಶಾಲೆ ಹೊರಹಾಕಿತ್ತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ನೋಡಿದ್ದು ಆ ನಂಬಿಕೆ ಪ್ರಾಮಾಣಿಕವೇ, ಅದರಿಂದ ಯಾರಿಗಾದರೂ ತೊಂದರೆಯಾಯಿತೇ ಎಂಬುದನ್ನು. ಮಕ್ಕಳು ಶಾಲೆಗೆ ಮರಳಬೇಕೆಂದು ತೀರ್ಪಾಯಿತು. ಹಿಜಾಬ್ ಮೇಲ್ಮನವಿಯಲ್ಲಿ ನ್ಯಾಯಮೂರ್ತಿ ಸುಧಾಂಶು ಧೂಲಿಯಾ ನೆಚ್ಚಿದ್ದು ಈ ತೀರ್ಪನ್ನು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಒಪ್ಪಲಿಲ್ಲ. 2022ರ ಅಕ್ಟೋಬರ್ 13ರಂದು ಪೀಠ ಒಡೆದುಹೋಯಿತು.

ಸಮವಸ್ತ್ರ ಇರುವುದೇ ಮೇಲು-ಕೀಳು ಕಾಣದಿರಲಿ ಎಂದು, ಅದರ ಮೇಲೆ ಧರ್ಮದ ಗುರುತು ಬಂದರೆ ಸಮಾನತೆ ಎಲ್ಲಿ ಉಳಿಯಿತು ಎಂಬ ಆಕ್ಷೇಪ ಹಗುರವಾದದ್ದಲ್ಲ. ಬಡವ-ಬಲ್ಲಿದರ ಬಟ್ಟೆಯ ಅಂತರ ಅಳಿಸಿದ್ದು ಸಮವಸ್ತ್ರದ ದೊಡ್ಡ ಉಪಕಾರ. ಆದರೆ ಹಣೆಯ ವಿಭೂತಿ, ಕೈಯ ದಾರ, ಕುಂಕುಮ ಇದ್ದೂ ಸಮವಸ್ತ್ರ ಕೆಟ್ಟಿಲ್ಲವಲ್ಲ! ಅದೇ ಬಣ್ಣದ ತಲೆವಸ್ತ್ರದಿಂದ ಕೆಡುತ್ತದೆ ಎಂದು ತೋರಿಸುವ ಹೊಣೆ ನಿಷೇಧಿಸುವವರದು. ಹಾಗಿದ್ದರೆ ಕೇಸರಿ ಶಾಲಿಗೂ ಅವಕಾಶ ಕೊಡಿ ಎಂಬುದು ಮರುಪ್ರಶ್ನೆ. ವರ್ಷಗಳಿಂದ ಹಣೆಗಿಟ್ಟ ನಾಮ ಬೇರೆ, ಇನ್ನೊಬ್ಬರಿಗೆ ಉತ್ತರ ಕೊಡಲೆಂದೇ ಒಂದು ಬೆಳಿಗ್ಗೆ ಗೇಟಿನ ಬಳಿ ಹೊದ್ದ ಶಾಲು ಬೇರೆ. ಎದುರಿನವರನ್ನು ಕೆಣಕಲು ತೊಟ್ಟದ್ದು ಯಾವ ಧರ್ಮದ್ದಾದರೂ ತಡೆಯಬಹುದು. ಮೂರನೆಯ ಆಕ್ಷೇಪವೇ ನನಗೆ ಗಟ್ಟಿಯಾಗಿ ಕಾಣುವುದು: ಮಗುವಿನ ಆಯ್ಕೆ ಎನ್ನುವುದು ಬಹುಪಾಲು ಮನೆಯ ಒತ್ತಾಯ. ನಿಜವಿರಬಹುದು. ಒತ್ತಾಯಿಸಿದವರು ಮನೆಯಲ್ಲಿರುತ್ತಾರೆ, ಗೇಟಿನಾಚೆ ನಿಲ್ಲುವವಳು ಮಾತ್ರ ಹುಡುಗಿ. ಬೇರೆ ಬದುಕನ್ನು ನೋಡಿ ತೂಗಿ ಆರಿಸಿಕೊಳ್ಳುವ ಒಂದೇ ಜಾಗವನ್ನು ಅವಳಿಂದ ಕಿತ್ತುಕೊಂಡು ಅವಳ ಸ್ವಾತಂತ್ರ್ಯ ಉಳಿಸಿದೆವು ಎನ್ನುವುದು ಹೇಗೆ?

ಈ ತರ್ಕ ಒಂದೇ ಮನೆಯ ಬಾಗಿಲಿಗೆ ನಿಲ್ಲುವುದಿಲ್ಲ ಎಂಬುದಕ್ಕೆ 2025ರ ಏಪ್ರಿಲ್ ಸಾಕ್ಷಿ. ಸಿಇಟಿ ಕೇಂದ್ರಗಳಲ್ಲಿ ವಿದ್ಯಾರ್ಥಿಗಳ ಜನಿವಾರ ತೆಗೆಸಿದ ದೂರು ಶಿವಮೊಗ್ಗದಿಂದ ಬಂತು. ಬೀದರಿನಲ್ಲಿ ಒಬ್ಬನಿಗೆ ಗಣಿತ ಪರೀಕ್ಷೆಯೇ ತಪ್ಪಿತು. ಅಂಥ ನಿಯಮವೇ ಇರಲಿಲ್ಲ ಎಂದು ಸರ್ಕಾರವೇ ಹೇಳಬೇಕಾಯಿತು. ಶಿಸ್ತಿನ ಹೆಸರಿನಲ್ಲಿ ಮೈಮೇಲಿನ ಗುರುತನ್ನು ಕಳಚಿಸಬಹುದು ಎಂದು ಒಮ್ಮೆ ಒಪ್ಪಿದ ಮೇಲೆ, ಯಾವುದನ್ನು ಎಂಬ ತೀರ್ಮಾನ ಬಾಗಿಲು ಕಾಯುವವರ ಕೈಗೆ ಹೋಗುತ್ತದೆ. ಇನ್ನೊಂದು ಕಡೆ, 2022ರ ಜನವರಿಯಲ್ಲಿ ಮುಳಬಾಗಿಲಿನ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಶುಕ್ರವಾರದ ನಮಾಜು ಮಾಡಿದ್ದಕ್ಕೆ ಮುಖ್ಯಶಿಕ್ಷಕರ ಅಮಾನತಾಯಿತು. ಅದೇ ವರ್ಷ ಶಾಲೆಗಳಲ್ಲಿ ಗಣೇಶೋತ್ಸವಕ್ಕೆ ಅಡ್ಡಿಯಿಲ್ಲ ಎಂದು ಶಿಕ್ಷಣ ಸಚಿವರು ಹೇಳಿದರು. ಮುಳಬಾಗಿಲಿನದು ಕಷ್ಟದ ಪ್ರಕರಣವೇ, ಏಕೆಂದರೆ ಕೋಣೆ ಕೊಟ್ಟದ್ದು ಶಾಲೆ. ಬಿಡುವಿನ ವೇಳೆಯ ಖಾಲಿ ಕೋಣೆ ಕೇಳಿದ ಎಲ್ಲ ಮಕ್ಕಳಿಗೂ ಸಿಗುವಂತಿದ್ದರೆ ಅದು ಮಕ್ಕಳ ಕೆಲಸ, ಒಬ್ಬರಿಗೇ ಮೀಸಲಾದರೆ ಶಾಲೆಯ ಪಕ್ಷಪಾತ. ಶಾಲೆಯೇ ಮುಂದೆ ನಿಂತು ನಡೆಸುವ ಗಣೇಶೋತ್ಸವಕ್ಕೂ ಇದೇ ಮಾತು ಅನ್ವಯಿಸಬೇಕು. ರೂಢಿಯೆಂಬ ಕಾರಣಕ್ಕೆ ಅದು ಮಗುವಿನ ಕೆಲಸವಾಗಿಬಿಡುವುದಿಲ್ಲ.

ಬೇರೆಯವರ ನಂಬಿಕೆ ಕಣ್ಣಿಗೆ ಬಿದ್ದರೆ ಒಗ್ಗಟ್ಟು ಒಡೆಯುತ್ತದೆ ಎನ್ನುವವರು ಬೇಲೂರಿನ ರಥೋತ್ಸವದ ಸಂಪ್ರದಾಯ ನೆನೆಯಬಹುದು. ಚೆನ್ನಕೇಶವನ ತೇರು ಎಳೆಯುವ ಮುನ್ನ ಮೌಲ್ವಿಯೊಬ್ಬರು ಕುರಾನ್ ಓದುವ ಪದ್ಧತಿ 2022ರ ಏಪ್ರಿಲ್‌ನಲ್ಲಿ, ಹೈಕೋರ್ಟ್ ತೀರ್ಪು ಬಂದ ಮರುತಿಂಗಳು, ವಿರೋಧದ ನಡುವೆಯೂ ನಡೆಯಿತು. ತೇರೂ ಹೊರಟಿತು.

ಫೆಬ್ರವರಿಯ ಆ ಆದೇಶ ಸರ್ಕಾರಿ ಕಾಲೇಜುಗಳ ಸಮವಸ್ತ್ರ ನಿಗದಿಯನ್ನು ಕಾಲೇಜು ಅಭಿವೃದ್ಧಿ ಸಮಿತಿಗಳಿಗೆ ಬಿಟ್ಟಿತ್ತು. ಆ ಸಮಿತಿಗಳ ಸದಸ್ಯರು ಮತ್ತು ಶಾಲೆಗಳ ಎಸ್‌ಡಿಎಂಸಿಯಲ್ಲಿ ಕೂರುವ ತಂದೆತಾಯಿಯರು ನಿರ್ಣಯ ಬರೆಯುವ ಮೊದಲು ಒಂದು ಕೆಲಸ ಮಾಡಲಿ: ಈ ನಿಯಮದಿಂದ ನಾಳೆ ಬೆಳಿಗ್ಗೆ ಯಾವ ಮಗು ತರಗತಿಯ ಹೊರಗೆ ಉಳಿಯುತ್ತದೆ ಎಂದು ಹಾಜರಿ ಪುಸ್ತಕ ತೆರೆದು ನೋಡಲಿ, ಆಮೇಲೆ ಸಹಿ ಹಾಕಲಿ.