ಮನೆ ವಿಮೆ ಮಾಡಿಸಿದರೆ ಬಂದೂಕಿಗೂ ಹಣ ಬರುತ್ತದೆಯೇ? ಫಾರ್ವರ್ಡ್ ಹೇಳದೆ ಬಿಟ್ಟ ಸಂಗತಿಗಳು

"ತಮ್ಮಾ, ಮನಿಗೆ ವಿಮಾ ಮಾಡಿಸಿದ್ರ ಬಂದೂಕಿಗೂ ರೊಕ್ಕ ಬರ್ತೈತಂತ. ಖರೇನಾ?"

ಕುಮಾರಪಟ್ಟಣದಲ್ಲಿರುವ ನನ್ನ ದೊಡ್ಡಪ್ಪ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಅವರ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂದಿತ್ತು. "ಮನೆ ವಿಮೆ ಇದ್ದರೆ ಮನೆಯೊಳಗಿನ ಎಲ್ಲ ವಸ್ತುಗಳಿಗೂ ರಕ್ಷಣೆ. ಬಂಗಾರ, ಟಿವಿ, ಬಂದೂಕು ಯಾವುದು ಕಳುವಾದರೂ ಪೂರ್ತಿ ಹಣ. ಎಲ್ಲರಿಗೂ ಕಳಿಸಿ" ಎಂದು ಅದರಲ್ಲಿತ್ತು. ದೊಡ್ಡಪ್ಪನ ಮನೆಯ ಅಟ್ಟದ ಮೇಲೆ ಬೆಳೆ ಕಾಯಲು ತೆಗೆದುಕೊಂಡ ಹಳೆಯ ಕೋವಿ ಒಂದಿದೆ. ಹೊಳೆದಂಡೆಯ ಊರು, ಮಳೆಗಾಲದಲ್ಲಿ ತುಂಗಭದ್ರೆಯ ಭಯ ಬೇರೆ. ಅವರು ಕೇಳಿದ್ದು ಸಹಜವೇ.

ಆದರೆ ಈ ಫಾರ್ವರ್ಡ್‌ನಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ಅಪಾಯಕಾರಿ. ಒಂದೊಂದಾಗಿ ನೋಡೋಣ.

ಇಂಥ ಮಾತು ಬಂದದ್ದೆಲ್ಲಿಂದ?

"ದೊಡ್ಡ ಬಂದೂಕು ಸಂಗ್ರಹಕ್ಕೆ ಮನೆ ವಿಮೆ" ಎಂಬುದು ಅಮೆರಿಕದಲ್ಲಿ ದಿನನಿತ್ಯದ ಚರ್ಚೆ. ಅಲ್ಲಿ ಮನೆಯ ಮೇಲೆ ಸಾಲ ಇದ್ದರೆ ವಿಮೆ ಇರಲೇಬೇಕೆಂದು ಬ್ಯಾಂಕುಗಳು ಕೇಳುತ್ತವೆ. ಒಂದೇ ಮನೆಯಲ್ಲಿ ಹತ್ತಾರು ಬಂದೂಕುಗಳಿರುವುದೂ ಅಪರೂಪವಲ್ಲ. ಹಾಗಿದ್ದೂ ಅಲ್ಲಿ ಪೂರ್ತಿ ಹಣ ಬರುವುದಿಲ್ಲ. ಅಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಎಚ್‌ಒ-3 ಎಂಬ ಮಾದರಿ ಪಾಲಿಸಿಯ 2011ರ ಆವೃತ್ತಿಯನ್ನೇ ನೋಡಿ. ಬಂದೂಕುಗಳು ಕಳುವಾದರೆ ಎಲ್ಲ ಸೇರಿ ಕೊಡುವ ಮಿತಿ 2,500 ಡಾಲರ್. ಹೆಚ್ಚು ಬೇಕಿದ್ದರೆ ಪ್ರತಿಯೊಂದು ಬಂದೂಕನ್ನೂ ಬೆಲೆ ಸಮೇತ ಪಟ್ಟಿ ಮಾಡಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. ಅಮೆರಿಕದಲ್ಲಿ ನೆಲೆಸಿರುವ ನಿಮ್ಮ ಬಂಧುಗಳಿಗೂ ಈ ಮಾತು ಉಪಯೋಗಕ್ಕೆ ಬರಬಹುದು.

ಅಲ್ಲಿನ ನಿಯಮಕ್ಕೆ ಕನ್ನಡದ ಅಂಗಿ ತೊಡಿಸಿ ಇಲ್ಲಿಗೆ ಕಳಿಸಿದರೆ ಎರಡು ತಪ್ಪಾಗುತ್ತವೆ. ಮೊದಲನೆಯದಾಗಿ, ನಮ್ಮ ಬಂದೂಕು ಕಾನೂನು ಬೇರೆ. ಎರಡನೆಯದಾಗಿ, ನಮ್ಮ ಮನೆ ವಿಮೆಯೂ ಬೇರೆ.

ನಮ್ಮಲ್ಲಿ "ಸಂಗ್ರಹ" ಎಂದರೆ ಎಷ್ಟು?

ಭಾರತದಲ್ಲಿ ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ, ಪರವಾನಗಿಯ ಮೇಲೆ ಸಿಗುವ ಅನುಮತಿ. ಇದರ ಬೇರು ಹಳೆಯದು. 1857ರಲ್ಲಿ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳಲು ಕಾಯ್ದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ಒಪ್ಪದೆ ಬಂಡೆದ್ದ ಕಥೆ ನಮ್ಮ ಲಾವಣಿಗಳಲ್ಲೇ ಇದೆ. ಈಗ ಜಾರಿಯಲ್ಲಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು.

ಮೊದಲು ಒಬ್ಬರು ಮೂರು ಬಂದೂಕು ಹೊಂದಬಹುದಿತ್ತು. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಮೂರನೆಯದು ಇದ್ದವರು ಒಂದು ವರ್ಷದೊಳಗೆ ಅದನ್ನು ಪೊಲೀಸ್ ಠಾಣೆಗೋ ಪರವಾನಗಿ ಇರುವ ಮಾರಾಟಗಾರರಿಗೋ ಒಪ್ಪಿಸಬೇಕಿತ್ತು. ಅದೇ ತಿದ್ದುಪಡಿಯಲ್ಲಿ ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು.

ನಮ್ಮ ರೈತರಿಗೆ ಸಂಬಂಧಿಸಿದ್ದು ಬೆಳೆ ರಕ್ಷಣೆಯ ಪರವಾನಗಿ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ನಿಜವಾದ ಬೆಳೆ ರಕ್ಷಣೆಗೆ ಕೇಳುವವರ ಪ್ರಸ್ತಾಪ ಕಾಯ್ದೆಯಲ್ಲೇ ಇದೆ. ಮಲೆನಾಡು, ಕರಾವಳಿಯಲ್ಲಿ ಇಂಥ ಪರವಾನಗಿಗಳು ಹೆಚ್ಚು. ಆದರೆ ಪರವಾನಗಿ ಇದ್ದ ಮಾತ್ರಕ್ಕೆ ಹೊಲಕ್ಕೆ ಬಂದ ಪ್ರಾಣಿಯನ್ನು ಹೊಡೆಯಬಹುದು ಎಂದಲ್ಲ. 119 ಚದರ ಕಿಲೋಮೀಟರ್ ವಿಸ್ತಾರದ ರಾಣೆಬೆನ್ನೂರು ಅಭಯಾರಣ್ಯ ನಮ್ಮ ಪಕ್ಕದಲ್ಲೇ ಇದೆ. ಅಲ್ಲಿಂದ ಗೋವಿನಜೋಳಕ್ಕೆ ನುಗ್ಗುವ ಕೃಷ್ಣಮೃಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಅದನ್ನು ಕೊಂದರೆ ಜೈಲು.

ಕೊಡಗಿನವರಿಗೆ ಬೇರೆ ನಿಯಮ ಅಲ್ಲವೇ?

ಹೌದು, ಇದು ನಿಜ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಲ್ಲಿ, 1861ರಲ್ಲಿ ಶುರುವಾದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಮನೆಗಳಲ್ಲಿ ಅಜ್ಜನ ಕಾಲದ ಕೋವಿಗಳಿರುತ್ತವೆ. ಕರ್ನಾಟಕದಲ್ಲಿ "ಸಂಗ್ರಹ" ಎಂಬ ಮಾತಿಗೆ ಹತ್ತಿರ ಬರುವುದು ಇಂಥ ಮನೆಗಳೇ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮನೆಗೆ ಮನೆಯೇ ಮಣ್ಣಾದದ್ದು ನಮಗೆಲ್ಲ ನೆನಪಿದೆ. ಅಂಥ ಹೊತ್ತಿನಲ್ಲಿ ವಿಮೆ ಏನು ಕೊಡುತ್ತದೆ ಎಂಬುದು ಬರೀ ಕುತೂಹಲದ ಪ್ರಶ್ನೆಯಲ್ಲ.

ನಮ್ಮ ಮನೆ ವಿಮೆಯಲ್ಲಿ ಏನೇನಿದೆ?

2021ರ ಏಪ್ರಿಲ್ 1ರಿಂದ "ಭಾರತ್ ಗೃಹ ರಕ್ಷಾ" ಎಂಬ ಒಂದೇ ಮಾದರಿಯ ಪಾಲಿಸಿ ಚಾಲ್ತಿಯಲ್ಲಿದೆ. ಬೆಂಕಿ ವಿಮೆ ಮಾಡುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಇದನ್ನು ಕೊಡಲೇಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಹೇಳಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ ಮುಂತಾದವುಗಳಿಂದ ಆಗುವ ಹಾನಿಗೆ ಇದರಲ್ಲಿ ರಕ್ಷಣೆ ಇದೆ.

ಕಟ್ಟಡ ಮತ್ತು ವಸ್ತು ಎರಡಕ್ಕೂ ವಿಮೆ ಮಾಡಿಸಿದರೆ, ಮನೆಬಳಕೆಯ ಸಾಮಾನಿಗೆ ಪಟ್ಟಿ ಕೊಡದಿದ್ದರೂ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು ರಕ್ಷಣೆ ತಾನಾಗಿಯೇ ಸಿಗುತ್ತದೆ. ಗರಿಷ್ಠ ಮಿತಿ ₹10 ಲಕ್ಷ. ಕಟ್ಟಡಕ್ಕೆ ₹20 ಲಕ್ಷ ಇದ್ದರೆ ಸಾಮಾನಿಗೆ ₹4 ಲಕ್ಷ ಎಂದು ಲೆಕ್ಕ. ಚಿನ್ನಾಭರಣ, ಬೆಳ್ಳಿ, ಕಲಾಕೃತಿ, ಪುರಾತನ ವಸ್ತುಗಳಂಥ ಬೆಲೆಬಾಳುವ ವಸ್ತುಗಳಿಗೆ ಪ್ರತ್ಯೇಕ ಐಚ್ಛಿಕ ರಕ್ಷಣೆ ತೆಗೆದುಕೊಳ್ಳಬೇಕು.

ಈಗ ಬಂದೂಕಿನ ವಿಷಯಕ್ಕೆ ಬರೋಣ. ಇಲ್ಲಿ ನಾಲ್ಕು ತೊಡಕುಗಳಿವೆ.

1. ಕಳ್ಳತನಕ್ಕೆ ರಕ್ಷಣೆ ಸೀಮಿತ. ಫಾರ್ವರ್ಡ್‌ನ ದೊಡ್ಡ ಸುಳ್ಳು ಇಲ್ಲೇ ಇದೆ. ಗೃಹ ರಕ್ಷಾ ಮೂಲ ಪಾಲಿಸಿಯಲ್ಲಿ ಕಳ್ಳತನಕ್ಕೆ ಹಣ ಬರುವುದು ಪ್ರವಾಹ, ಬೆಂಕಿಯಂಥ ಘಟನೆಯ ಕಾರಣದಿಂದ, ಅದು ನಡೆದ 7 ದಿನದೊಳಗೆ ಕಳುವಾದರೆ ಮಾತ್ರ. ಹೊಳೆ ಬಂದು ಮನೆ ಬಿಟ್ಟು ಹೋದಾಗ ಕಳುವಾದರೆ ಕೇಳಬಹುದು. ಊರ ಜಾತ್ರೆಗೆ ಹೋದಾಗ ಬೀಗ ಮುರಿದರೆ ಕೇಳಲಾಗದು. ಅದಕ್ಕೆ ಕನ್ನಗಳವಿನ ರಕ್ಷಣೆಯನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಅದರಲ್ಲೂ ಸಾಮಾನ್ಯವಾಗಿ ಬಾಗಿಲು, ಬೀಗ ಒಡೆದು ಒಳನುಗ್ಗಿದ ಗುರುತು ಇರಬೇಕು ಎಂಬ ಷರತ್ತು ಇರುತ್ತದೆ.

2. "ಬಂದೂಕು" ಎಂಬ ಪದವೇ ಇಲ್ಲ. ಸಾಮಾನ್ಯ ವಸ್ತುಗಳ ವಿವರಣೆಯಲ್ಲಿ ಪೀಠೋಪಕರಣ, ವಿದ್ಯುತ್ ಉಪಕರಣ, ಅಡುಗೆ ಸಾಮಾನು, ಬಟ್ಟೆಬರೆಗಳ ಹೆಸರಿದೆ. ಬಂದೂಕಿನ ಹೆಸರಿಲ್ಲ. ಹೆಸರಿಲ್ಲದ ವಸ್ತುವಿಗೆ ಹಣ ಕೇಳಿದಾಗ ವಾದ ಹುಟ್ಟುವುದು ಖಚಿತ. ಆದ್ದರಿಂದ ಬಂದೂಕಿನ ತಯಾರಿಕೆ, ಸಂಖ್ಯೆ, ಬೆಲೆಯನ್ನು ಪಾಲಿಸಿಯ ಷೆಡ್ಯೂಲ್‌ನಲ್ಲೇ ಬರೆಸಿಕೊಳ್ಳಬೇಕು. ಏಜೆಂಟ್ ಬಾಯಲ್ಲಿ "ಎಲ್ಲ ಬರುತ್ತೆ" ಎಂದದ್ದಕ್ಕೆ ಬೆಲೆಯಿಲ್ಲ.

3. ಮದ್ದು, ತೋಟಾ ಹೊರಗೆ. ಸ್ಫೋಟಕ ವಸ್ತುಗಳಿಗಾದ ನಷ್ಟವನ್ನು, ಷೆಡ್ಯೂಲ್‌ನಲ್ಲಿ ಸ್ಪಷ್ಟವಾಗಿ ನಮೂದಿಸದ ಹೊರತು, ಪಾಲಿಸಿ ಹೊರಗಿಡುತ್ತದೆ. ಕೋವಿಯ ಮದ್ದಿಗೆ ವಿಮೆ ಇದೆ ಎಂದುಕೊಳ್ಳಬೇಡಿ. ಅದನ್ನು ಒಲೆಯ ಬಳಿ, ದೇವರ ಕೋಣೆಯಲ್ಲಿ ಇಡುವುದಂತೂ ಬೇಡವೇ ಬೇಡ.

4. "ಎಲ್ಲಿಟ್ಟೆನೋ ಗೊತ್ತಿಲ್ಲ" ನಡೆಯುವುದಿಲ್ಲ. ಕಾಣೆಯಾದ, ಎಲ್ಲೋ ಇಟ್ಟು ಮರೆತ, ಇಂಥದೇ ಘಟನೆಯಲ್ಲಿ ಹೋಯಿತು ಎಂದು ತೋರಿಸಲಾಗದ ವಸ್ತುವಿಗೆ ಹಣವಿಲ್ಲ.

ಅಜ್ಜನ ಕಾಲದ, ಗುಂಡು ಹಾರದ ಕೋವಿ?

ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲಾಗದ, ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಗಳನ್ನು ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹೊರಗಿಡುತ್ತದೆ. ಆದರೆ "ಹಾರುವುದಿಲ್ಲ" ಎಂದು ನಾವೇ ತೀರ್ಮಾನಿಸಿದರೆ ಸಾಲದು. ಜಿಲ್ಲಾಡಳಿತದಲ್ಲಿ ವಿಚಾರಿಸಿ ಕಾಗದ ಇಟ್ಟುಕೊಳ್ಳುವುದು ಕ್ಷೇಮ. ಅಂಥ ವಸ್ತುವನ್ನು ಪುರಾತನ ವಸ್ತು ಎಂದು ಬೆಲೆಬಾಳುವ ವಸ್ತುಗಳ ಪಟ್ಟಿಗೆ ಸೇರಿಸಲು ಕೇಳಬಹುದು. ಒಟ್ಟು ಮೊತ್ತ ₹5 ಲಕ್ಷದೊಳಗೆ, ಒಂದೊಂದು ವಸ್ತುವಿನ ಬೆಲೆ ₹1 ಲಕ್ಷದೊಳಗೆ ಇದ್ದರೆ ಮೌಲ್ಯಮಾಪನ ಪತ್ರದ ಅಗತ್ಯವಿಲ್ಲ.

ಶೂಟಿಂಗ್ ಕ್ರೀಡಾಪಟುಗಳಿಗೆ ಇನ್ನೊಂದು ದಾರಿ ಇದೆ. ಸರ್ಕಾರಿ ಸ್ವಾಮ್ಯದ ವಿಮಾ ಕಂಪನಿಗಳ ಕ್ರೀಡಾ ವಿಮೆಯ ಪಟ್ಟಿಯಲ್ಲಿ ಕ್ರಿಕೆಟ್, ಬ್ಯಾಡ್ಮಿಂಟನ್ ಜೊತೆ ಕ್ರೀಡಾ ಬಂದೂಕಿನ ಬಳಕೆಯೂ ಇದೆ. ಸಲಕರಣೆಯ ಜೊತೆಗೆ ಬೇರೆಯವರಿಗೆ ಆಗುವ ಹಾನಿಯ ಹೊಣೆಯೂ ಅದರಲ್ಲಿ ಸೇರುತ್ತದೆ. ಶಾಖೆಗೆ ಹೋಗಿ ಹೆಸರು ಹಿಡಿದೇ ಕೇಳಿ.

ವಿಮೆಗಿಂತ ದೊಡ್ಡ ವಿಷಯ: ಪರವಾನಗಿ

ಪರವಾನಗಿ ಇಲ್ಲದ ಅಥವಾ ಅವಧಿ ಮುಗಿದ ಬಂದೂಕಿಗೆ ಯಾವ ವಿಮೆಯೂ ರಕ್ಷಣೆಯಲ್ಲ. ಕಾನೂನುಬಾಹಿರ ಉದ್ದೇಶದ ಕರಾರು ಊರ್ಜಿತವಲ್ಲ ಎಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ. ಅಂಥ ಬಂದೂಕು ಇಟ್ಟುಕೊಳ್ಳುವುದೇ ಜೈಲು ಶಿಕ್ಷೆಯ ಅಪರಾಧ.

ಫಾರ್ವರ್ಡ್‌ನ ನಿಜವಾದ ಅಪಾಯವೂ ಇಲ್ಲೇ ಇರುವುದು. ಬಂದೂಕು ಕಳುವಾದರೆ "ಮೊದಲು ವಿಮೆಯವರಿಗೆ ಹೇಳೋಣ, ಪೊಲೀಸರ ಗೊಡವೆ ಬೇಡ" ಎಂದು ಯಾರಾದರೂ ಎರಡು ದಿನ ಸುಮ್ಮನಿದ್ದರೆ? ಕಳುವಾದ ತಕ್ಷಣ ಹತ್ತಿರದ ಠಾಣೆಗೆ ತಿಳಿಸುವುದು ಪರವಾನಗಿಯ ಷರತ್ತು. ಕಳುವಾದ ಟಿವಿ ಯಾರನ್ನೂ ಕೊಲ್ಲುವುದಿಲ್ಲ, ಕಳುವಾದ ಕೋವಿ ಕೊಲ್ಲಬಹುದು. ಆ ಕೋವಿಯ ಸಂಖ್ಯೆ ಇರುವುದು ನಿಮ್ಮ ಹೆಸರಿನಲ್ಲಿ. ಎಫ್‌ಐಆರ್ ಪ್ರತಿ ಇಲ್ಲದೆ ಕಳವಿನ ಕ್ಲೇಮ್ ಕೂಡ ಮುಂದೆ ಹೋಗುವುದಿಲ್ಲ.

ಮನೆಯ ಯಜಮಾನರು ತೀರಿಕೊಂಡಾಗಲೂ ಇದೇ ಎಚ್ಚರ ಬೇಕು. ಪರವಾನಗಿ ಆಸ್ತಿಯಂತೆ ಮಗನಿಗೆ ತಾನಾಗಿ ಬರುವುದಿಲ್ಲ. ಬಂದೂಕನ್ನು ಠಾಣೆಯಲ್ಲೋ ಪರವಾನಗಿ ಇರುವ ಮಾರಾಟಗಾರರಲ್ಲೋ ಠೇವಣಿ ಇಟ್ಟು, ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು. ಯಜಮಾನರಿಗೆ 70 ವರ್ಷ ತುಂಬಿದರೆ ಅಥವಾ ಬಂದೂಕು ಪಡೆದು 25 ವರ್ಷವಾದರೆ, ಅವರು ಬದುಕಿರುವಾಗಲೇ ತಾವು ಸೂಚಿಸಿದ ವಾರಸುದಾರರ ಹೆಸರಿಗೆ ಪರವಾನಗಿ ಕೇಳಲು 2016ರ ನಿಯಮಗಳಲ್ಲಿ ಅವಕಾಶವಿದೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ಇನ್ನೊಂದು ಮಾತು. ಮದುವೆ, ಮೆರವಣಿಗೆಯಲ್ಲಿ ಬೇಕಾಬಿಟ್ಟಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ₹1 ಲಕ್ಷದವರೆಗೆ ದಂಡ, ಅಥವಾ ಎರಡೂ. ಕ್ರಿಮಿನಲ್ ಹೊಣೆಯನ್ನು ಯಾವ ವಿಮಾ ಕಂಪನಿಯೂ ಹೊರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

- ಪರವಾನಗಿಯ ಕೊನೆಯ ದಿನಾಂಕವನ್ನು ಇಂದೇ ನೋಡಿ.
- ಬಂದೂಕಿನ ಫೋಟೊ, ಸಂಖ್ಯೆ, ಖರೀದಿ ರಸೀದಿ, ಪರವಾನಗಿಯ ಪ್ರತಿಯನ್ನು ಮನೆಯ ಹೊರಗೂ ಒಂದು ಕಡೆ ಇಡಿ. ಅವನ್ನು ಸ್ಟೇಟಸ್‌ಗೆ ಹಾಕಬೇಡಿ, ಕಳ್ಳನಿಗೆ ಅದೇ ವಿಳಾಸ.
- ಬೀಗವಿರುವ ಗಟ್ಟಿ ಕಪಾಟಿನಲ್ಲಿ ಬಂದೂಕು, ಬೇರೆ ಬೀಗದಲ್ಲಿ ಮದ್ದುಗುಂಡು ಇಡಿ. ಬೀಗದಕೈ ಮಕ್ಕಳ ಕೈಗೆ ಸಿಗಬಾರದು.
- ವಿಮೆ ಮಾಡಿಸುವಾಗ ಬಂದೂಕು ಇರುವುದನ್ನು ಮುಚ್ಚಿಡಬೇಡಿ. "ಬಂದೂಕಿಗೆ ಬೆಂಕಿ, ನೆರೆ, ಕಳವು ಈ ಮೂರಕ್ಕೂ ರಕ್ಷಣೆ ಇದೆಯೇ?" ಎಂದು ಇಮೇಲ್ ಅಥವಾ ಪತ್ರದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.
- ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಐಆರ್‌ಡಿಎಐ ಸಹಾಯವಾಣಿ 155255.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿ, "ಮೊದ್ಲ ಲೈಸೆನ್ಸ್ ಬುಕ್ ತಗದ್ ನೋಡ್ರಿ" ಎಂದೆ. ಟ್ರಂಕಿನ ತಳದಿಂದ ಪುಸ್ತಕ ಹೊರಬಂತು. ಅವಧಿ ಮುಗಿದು ಏಳು ತಿಂಗಳಾಗಿತ್ತು. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮರುದಿನ ಅವರು ಕೋವಿಯನ್ನು ಠಾಣೆಗೆ ಒಪ್ಪಿಸಿ, ರಸೀದಿಯ ಫೋಟೊ ಕಳಿಸಿದರು. ನವೀಕರಣದ ಅರ್ಜಿ ಹಾಕಬೇಕೋ ಬೇಡವೋ ಎಂದು ದೊಡ್ಡವ್ವನೊಂದಿಗೆ ಇನ್ನೂ ಚರ್ಚೆ ನಡೆದಿದೆ. ಮನೆ ವಿಮೆ ಮಾತ್ರ ಮಾಡಿಸುವುದೆಂದು ಇಬ್ಬರೂ ಒಪ್ಪಿದ್ದಾರೆ, ಹೊಳೆಯ ಸಲುವಾಗಿ.

ಒಂದೇ ಮಾತಿನಲ್ಲಿ: "ಮನೆ ವಿಮೆ ಇದ್ದರೆ ಬಂದೂಕಿಗೆ ಪೂರ್ತಿ ಹಣ" ಎಂಬುದು ದಾರಿ ತಪ್ಪಿಸುವ ಮಾಹಿತಿ. ಪರವಾನಗಿ ಚಾಲ್ತಿಯಲ್ಲಿದ್ದು, ಪಾಲಿಸಿಯಲ್ಲಿ ಬಂದೂಕಿನ ಹೆಸರು ಬರೆಸಿದ್ದು, ಕಳವಿನ ರಕ್ಷಣೆಯನ್ನು ಬೇರೆಯಾಗಿ ಪಡೆದಿದ್ದರೆ ಮಾತ್ರ ಕೇಳಲು ದಾರಿ ಇದೆ. ಆ ಫಾರ್ವರ್ಡ್ ನಿಮಗೂ ಬಂದಿದ್ದರೆ, ಕಳಿಸಿದವರಿಗೆ ಇದನ್ನೂ ಕಳಿಸಿ.