ಧ್ಯಾನವೂ ದಕ್ಷಿಣೆಯೂ



ಧ್ಯಾನ ಕಲಿಸುವ ದೊಡ್ಡ ಸಂಸ್ಥೆಗಳ ಬಗ್ಗೆ ನನ್ನ ಅಭಿಪ್ರಾಯವೇನೆಂದು ನಿಮ್ಮಲ್ಲಿ ಕೆಲವರು ಆಗಾಗ ಕೇಳುತ್ತ ಬಂದಿದ್ದೀರಿ. ಈಗ ಉತ್ತರಿಸುವ ಕಾಲ ಬಂದಿದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಾಜೀನಾಮೆ ಕೊಟ್ಟು ಇಂಥದೊಂದು ಸಂಸ್ಥೆಯ ಶಿಕ್ಷಕರ ತರಬೇತಿಗೆ ಸೇರಲು ಹೊರಟಿದ್ದಾನೆ. ಮೊದಲ ಶಿಬಿರ, ಅದರ ಮುಂದಿನ ಶಿಬಿರ, ಮೌನ ಶಿಬಿರ ಎಂದು ಆತ ಈಗಾಗಲೇ ಕೆಲವು ತಿಂಗಳ ಸಂಬಳವನ್ನು ತೆತ್ತಿದ್ದಾನೆ. ಆತನ ತಂದೆ ಇಂಡಿ ಭಾಗದಲ್ಲಿ ನಿಂಬೆ ಬೆಳೆಯುವವರು. ಮಗನ ಓದಿಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ‘ಗುರುಗಳೇ, ನೀವಾದರೂ ಒಂದು ಮಾತು ಹೇಳಿರಿ’ ಎಂದು ಅವರು ಕೇಳಿಕೊಂಡಿದ್ದಾರೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಧ್ಯಾನದ ಬಗ್ಗೆ ನನಗೆ ಅನಾದರವಿಲ್ಲ. ಹಲಸಂಗಿಯವರಿಗೆ ಅದು ಸಾಧ್ಯವೂ ಇಲ್ಲ. ಜನಪದ ಹಾಡುಗಳನ್ನು ಊರೂರು ತಿರುಗಿ ಕೂಡಿಸಿದ ಗೆಳೆಯರ ಗುಂಪಿನ ನಡುವೆಯೇ ಮಧುರಚೆನ್ನರು ಶ್ರೀ ಅರವಿಂದರ ಮಾರ್ಗದಲ್ಲಿ ಸಾಧನೆ ಮಾಡಿದರು. ಆ ಸಾಧನೆಗೆ ಪ್ರವೇಶ ಶುಲ್ಕವಿರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ. ಆದುದರಿಂದ ನನ್ನ ಸಂಶಯವಿರುವುದು ಧ್ಯಾನದ ಮೇಲಲ್ಲ. ಅದನ್ನು ಮಾರುವ ಬಗೆಯ ಮೇಲೆ, ಮಾರುವವರನ್ನು ತಯಾರಿಸುವ ಬಗೆಯ ಮೇಲೆ.

ಈ ಪದ್ಧತಿಗೆ ಮಾದರಿ ಹಾಕಿಕೊಟ್ಟವರು ಮಹರ್ಷಿ ಮಹೇಶ ಯೋಗಿಗಳು. 1950ರ ದಶಕದಲ್ಲಿ ಅವರು ಆರಂಭಿಸಿದ ಭಾವಾತೀತ ಧ್ಯಾನವು 1958ರ ನಂತರ ಜಗತ್ತನ್ನೇ ಸುತ್ತಿತು. 1968ರಲ್ಲಿ ಬೀಟಲ್ಸ್ ಗಾಯಕರು ಹೃಷಿಕೇಶಕ್ಕೆ ಬಂದುದು ಎಲ್ಲರಿಗೂ ಗೊತ್ತು. ಆದರೆ ಅವರು ಬಂದುದು ಶಿಕ್ಷಕರ ತರಬೇತಿ ಶಿಬಿರಕ್ಕೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಒಬ್ಬ ಗುರು ಎಷ್ಟು ಜನರಿಗೆ ದೀಕ್ಷೆ ಕೊಟ್ಟಾನು? ಗುರುಗಳನ್ನೇ ತಯಾರಿಸಿದರೆ ಸಂಖ್ಯೆಗೆ ಮಿತಿಯಿಲ್ಲ. ಅಮೆರಿಕದಲ್ಲಿ 1960ರ ದಶಕದ ಕೊನೆಗೆ ಈ ಧ್ಯಾನ ಕಲಿಯಲು ದೊಡ್ಡವರಿಗೆ 75 ಡಾಲರ್, ವಿದ್ಯಾರ್ಥಿಗಳಿಗೆ 35 ಡಾಲರ್ ಇತ್ತು. 2000ದ ದಶಕದಲ್ಲಿ ಅದು 2,500 ಡಾಲರಿಗೆ ಏರಿತು, ಮುಂದೆ ಇಳಿಸಬೇಕಾಯಿತು. ಕಲಿಸುವ ಮಂತ್ರವೇನೂ ಬದಲಾಗಿರಲಿಲ್ಲ, ಬೆಲೆ ಮಾತ್ರ ಬದಲಾಯಿತು.

ಈ ನಡುವೆ ಹಾರ್ವರ್ಡ್ ವೈದ್ಯ ಹರ್ಬರ್ಟ್ ಬೆನ್ಸನ್ ಇದೇ ಧ್ಯಾನಿಗಳ ಉಸಿರಾಟ, ರಕ್ತದೊತ್ತಡಗಳನ್ನು ಪರೀಕ್ಷಿಸಿದರು. ದೇಹ ವಿಶ್ರಾಂತಿಗೆ ಹೋಗುವುದು ನಿಜವೆಂದು ಕಂಡರು. ಆದರೆ 1975ರ ತಮ್ಮ ಪುಸ್ತಕದಲ್ಲಿ, ಇದಕ್ಕೆ ಗುಟ್ಟಿನ ಮಂತ್ರವೇ ಬೇಕಾಗಿಲ್ಲ, ಯಾವುದೇ ಸರಳ ಪದವನ್ನು ಶಾಂತವಾಗಿ ಕುಳಿತು ಪುನರುಚ್ಚರಿಸಿದರೂ ಸಾಕು ಎಂದು ಬರೆದರು. ನಮ್ಮ ಅಜ್ಜಿಯರು ಜಪಮಣಿ ಹಿಡಿದು ಮಾಡುತ್ತಿದ್ದುದೂ ಅದನ್ನೇ ಅಲ್ಲವೇ?

ಇನ್ನು ನಮ್ಮ ನಾಡಿನದೇ ಆದ ಆರ್ಟ್ ಆಫ್ ಲಿವಿಂಗ್. ಇದರ ಸ್ಥಾಪಕರಾದ ಶ್ರೀ ಶ್ರೀ ರವಿಶಂಕರರು ಮೊದಲು ಮಹರ್ಷಿಗಳ ಬಳಗದಲ್ಲಿದ್ದವರು. ಇವರ ಶಿಬಿರಗಳಿಂದ ನೆಮ್ಮದಿ ಪಡೆದವರು ನಿಮ್ಮಲ್ಲಿಯೂ ಇದ್ದೀರಿ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ 2010ರಲ್ಲಿ ಈ ಸಂಸ್ಥೆಯ ಅಮೆರಿಕದ ಶಾಖೆಯು, ಹೆಸರು ಮರೆಮಾಡಿ ಟೀಕೆ ಬರೆದಿದ್ದವರ ಮೇಲೆ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ದಾವೆ ಹೂಡಿತು. ಮಾನಹಾನಿಯ ಆರೋಪದ ಜೊತೆಗೆ, ತನ್ನ ಬೋಧನೆಯ ಕೈಪಿಡಿಗಳನ್ನು ಬಯಲುಮಾಡಿ ವ್ಯಾಪಾರದ ಗುಟ್ಟನ್ನು ಕದ್ದಿದ್ದಾರೆಂಬ ಆರೋಪವೂ ಇತ್ತು. ಟೀಕೆಯು ಅಭಿಪ್ರಾಯ ಸ್ವಾತಂತ್ರ್ಯದೊಳಗಿನದು ಎಂದು ನ್ಯಾಯಾಲಯ 2011ರಲ್ಲಿ ಮಾನಹಾನಿಯ ಭಾಗವನ್ನು ತಳ್ಳಿಹಾಕಿತು. 2012ರಲ್ಲಿ ರಾಜಿಯಾಯಿತು.

ಇಡೀ ಜೀವನ ಪಾಠ ಹೇಳಿದವನಿಗೆ ಇಲ್ಲಿ ಒಂದು ಮಾತು ಚುಚ್ಚುತ್ತದೆ: ಶಿಕ್ಷಕರ ಕೈಪಿಡಿ ವ್ಯಾಪಾರದ ಗುಟ್ಟಾಗುವುದು ಹೇಗೆ? ನಮ್ಮ ಶಾಲೆಯ ಕೈಪಿಡಿಯನ್ನು ಯಾವ ತಂದೆಯೂ ತೆರೆದು ನೋಡಬಹುದಿತ್ತು. ನಮ್ಮನ್ನು ಪರೀಕ್ಷಿಸಿದವರು ಹೊರಗಿನವರು, ತನಿಖೆಗೆ ಬರುತ್ತಿದ್ದವರೂ ಹೊರಗಿನವರು. ತಿಂಗಳಿಗೆ ಸಂಬಳವಿತ್ತು, ಈಗ ನಿವೃತ್ತಿ ವೇತನವಿದೆ. ಧ್ಯಾನಶಿಕ್ಷಕನಾಗುವವನು ತರಬೇತಿಗೆ ತಾನೇ ಹಣ ಕೊಡಬೇಕು. ಅರ್ಹತೆಯನ್ನು ಅದೇ ಸಂಸ್ಥೆ ನಿರ್ಣಯಿಸುತ್ತದೆ. ಬಹಳ ಕಡೆಗಳಲ್ಲಿ ಅವನ ದುಡಿಮೆಗೆ ‘ಸೇವೆ’ ಎಂದು ಹೆಸರು. ಇನ್ನೂ ಒಂದು ಭೇದವಿದೆ. ನನ್ನಲ್ಲಿ ಕಲಿತವರು ಡಾಕ್ಟರರಾದರು, ಒಕ್ಕಲಿಗರಾದರು, ಕಂಡಕ್ಟರರಾದರು. ಎಲ್ಲರೂ ಮಾಸ್ತರರೇ ಆಗಬೇಕೆಂದು ನಾನು ಬಯಸಲಿಲ್ಲ. ಕಲಿತವರ ಪರಮ ಗತಿಯೇ ಕಲಿಸುವುದು, ಕಲಿಸುವುದೆಂದರೆ ಹೊಸಬರನ್ನು ಕರೆತರುವುದು ಎಂದಾದರೆ, ಅಲ್ಲಿ ವಿದ್ಯೆಗಿಂತ ಸಂಖ್ಯೆಯೇ ಬೆಳೆಯುತ್ತದೆ.

‘ಅದು ಶುಲ್ಕವಲ್ಲ ಸರ್, ಕಾಣಿಕೆ’ ಎನ್ನುವವರಿದ್ದಾರೆ. ಪತಂಜಲಿ ಯೋಗಪೀಠ ಟ್ರಸ್ಟಿನ ಯೋಗ ಶಿಬಿರಗಳಲ್ಲಿಯೂ ಪ್ರವೇಶದ ಹಣಕ್ಕೆ ದೇಣಿಗೆಯೆಂದೇ ಹೆಸರಿತ್ತು. ಅದು ಸೇವೆಗೆ ಪಡೆದ ಶುಲ್ಕವೇ, ಅದರ ಮೇಲೆ ಸೇವಾ ತೆರಿಗೆ ಸಲ್ಲಬೇಕು ಎಂದು ತೆರಿಗೆ ನ್ಯಾಯಮಂಡಳಿ 2023ರಲ್ಲಿ ತೀರ್ಪಿತ್ತಿತು. ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಅದನ್ನೇ ಎತ್ತಿಹಿಡಿಯಿತು. ಕೊಡದಿದ್ದರೆ ಬಾಗಿಲು ತೆರೆಯದು ಎಂದಾದರೆ ಅದು ಕಾಣಿಕೆಯಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆರೆಯವರಾದ ನಮಗೆ ದಾಸೋಹಕ್ಕೂ ದರಪಟ್ಟಿಗೂ ಇರುವ ಅಂತರವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಪುಕ್ಕಟೆ ಕೊಟ್ಟರೆ ಬೆಲೆ ತಿಳಿಯುವುದಿಲ್ಲ, ಸಂಸ್ಥೆಗೂ ಖರ್ಚಿರುತ್ತದೆ ಎಂಬ ವಾದವನ್ನು ಕೇಳಿದ್ದೇನೆ. ಊಟ, ವಸತಿಯ ಖರ್ಚು ಪಡೆಯಲಿ, ಅದು ನ್ಯಾಯ. ಆದರೆ ಗೋಯೆಂಕಾ ಅವರು ಇಗತಪುರಿಯಿಂದ ಹಬ್ಬಿಸಿದ ವಿಪಶ್ಯನ ಶಿಬಿರಗಳಲ್ಲಿ ಹತ್ತು ದಿನಗಳ ಊಟ, ವಸತಿ, ಬೋಧನೆ ಯಾವುದಕ್ಕೂ ಶುಲ್ಕವಿಲ್ಲ. ಶಿಬಿರ ಮುಗಿಸಿದವರು ಮುಂದಿನವರಿಗಾಗಿ ಇಷ್ಟವಿದ್ದಷ್ಟು ಕೊಡುತ್ತಾರೆ. ಅಲ್ಲಿಯ ಆಚಾರ್ಯರಿಗೂ ಸಂಬಳವಿಲ್ಲ. ಆದುದರಿಂದ ಅದನ್ನು ಹೊಟ್ಟೆಪಾಡೆಂದು ನಂಬಿ ಯಾರೂ ಹೋಗುವುದೂ ಇಲ್ಲ. ಅಷ್ಟು ದೂರ ಏಕೆ? ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನಕ್ಕೆ ಬೆಳಗಿನ ಜಾವ ಸಾವಿರಾರು ಜನ ಬಂದು ಕೂಡುತ್ತಿದ್ದರು. ಟಿಕೆಟ್ ಇರಲಿಲ್ಲ. ಅವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀಯನ್ನೂ ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ ನೆರೆದ ಜನಸಾಗರವನ್ನು ಕಂಡವರು, ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲವೆಂದು ಹೇಳಲಾರರು.

ಆದುದರಿಂದ ಆ ಹುಡುಗನಿಗೂ, ಅವನಂತೆ ಯೋಚಿಸುತ್ತಿರುವ ನಿಮ್ಮ ಮಕ್ಕಳಿಗೂ ನನ್ನ ಸಲಹೆ ಇಷ್ಟೇ. ತಮ್ಮಾ, ಸೇರುವ ಮುನ್ನ ಐದು ಪ್ರಶ್ನೆ ಕೇಳು. ಕೊನೆಯ ಮೆಟ್ಟಿಲಿನವರೆಗಿನ ಒಟ್ಟು ಖರ್ಚನ್ನು ಮೊದಲೇ ಬರೆದುಕೊಡುತ್ತಾರೆಯೇ? ಶಿಕ್ಷಕನಾದ ಮೇಲೆ ನಿನ್ನ ಜೀವನಕ್ಕೆ ಏನು ವ್ಯವಸ್ಥೆ? ವರ್ಷಕ್ಕೆ ಇಷ್ಟು ಜನರನ್ನು ಕರೆತರಬೇಕೆಂಬ ನಿರೀಕ್ಷೆಯಿದೆಯೇ? ಕಲಿತದ್ದನ್ನು ಮನೆಯವರಿಗೆ ಬಿಚ್ಚಿ ಹೇಳಬಹುದೇ? ಬಿಟ್ಟು ಬಂದವರನ್ನು ಸಂಸ್ಥೆಯವರು ಗೌರವದಿಂದ ಕಾಣುತ್ತಾರೆಯೇ? ಎಲ್ಲಕ್ಕೂ ನೇರ ಉತ್ತರ ಸಿಕ್ಕರೆ, ಸಾಲ ತೀರಿಸಿದ ಮೇಲೆ ಸಂತೋಷದಿಂದ ಹೋಗು. ಪ್ರಶ್ನೆ ಕೇಳಿದ್ದಕ್ಕೇ ‘ನಿನಗೆ ಶ್ರದ್ಧೆ ಸಾಲದು’ ಎಂದರೆ, ನೌಕರಿ ಬಿಡಬೇಡ. ಬೆಳಿಗ್ಗೆ ಅರ್ಧ ಗಂಟೆ ನಿನ್ನ ಕೋಣೆಯಲ್ಲಿಯೇ ಕಣ್ಣುಮುಚ್ಚಿ ಕುಳಿತುಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ.