ಕಾರ್ಡ್ ಕೊಟ್ಟಾಯ್ತು, ಸ್ಕ್ಯಾನ್ ಯಾವಾಗ?

ಸಿಕಲ್ ಸೆಲ್ ಅಂದ್ರೆ ರಕ್ತಹೀನತೆ, ಮೈಕೈ ನೋವು ಅಂತಷ್ಟೇ ನಾವು ಮಾತಾಡ್ತೀವಿ. ಮಿದುಳಿನ ವಿಷಯ ಯಾರೂ ಎತ್ತಲ್ಲ. ಕುಡುಗೋಲಿನಂತೆ ಬಾಗಿದ ರಕ್ತಕಣಗಳು ಮಿದುಳಿನ ರಕ್ತನಾಳವನ್ನು ಹಾಳುಗೆಡವಿ ಕಿರಿದಾಗಿಸುತ್ತವೆ. ಐದಾರು ವರ್ಷದ ಮಗುವಿಗೂ ಪಾರ್ಶ್ವವಾಯು ಹೊಡೆಯಬಹುದು. ಸದ್ದಿಲ್ಲದ ಸಣ್ಣ ಹೊಡೆತಗಳು ಅದಕ್ಕಿಂತ ಹೆಚ್ಚು. ಕೈಕಾಲು ಚೆನ್ನಾಗೇ ಇರುತ್ತೆ, ಮಗು ಓದಿನಲ್ಲಿ ಹಿಂದೆ ಬೀಳುತ್ತೆ. ಮೇಷ್ಟ್ರು ‘ದಡ್ಡ’ ಅಂತಾರೆ, ಅಲ್ಲಿಗೆ ಮುಗೀತು.

ನನಗೆ ಸಿಟ್ಟು ಬರೋದು, ಇದನ್ನು ಮೊದಲೇ ಪತ್ತೆ ಹಚ್ಚಬಹುದು ಅನ್ನೋದಕ್ಕೆ. ತಲೆಗೆ ಮಾಡುವ ಡಾಪ್ಲರ್ ಸ್ಕ್ಯಾನ್, ಹೈವೇ ಪೊಲೀಸರ ರಾಡಾರ್ ಗನ್ನಿನದೇ ತತ್ವ (ಇಂಜಿನಿಯರಿಂಗ್ ಓದಿದ್ದು ಇಷ್ಟಕ್ಕಾದ್ರೂ ಬಂತು). ನಾಳ ಕಿರಿದಾದಷ್ಟೂ ರಕ್ತ ಜೋರಾಗಿ ಓಡುತ್ತೆ. ಸೆಕೆಂಡಿಗೆ 200 ಸೆಂ.ಮೀ. ಮುಟ್ಟಿದ್ರೆ ಅಪಾಯ. ಅಂಥ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಪಾರ್ಶ್ವವಾಯುವಿನ ಸಾಧ್ಯತೆ ಶೇ 90ರಷ್ಟು ಇಳಿಯುತ್ತೆ ಅಂತ 1998ರಲ್ಲೇ ಸಾಬೀತಾಗಿದೆ. ರಕ್ತ ಸಿಗದ ಕಡೆ ಹೈಡ್ರಾಕ್ಸಿಯೂರಿಯಾ ಇದೆ; ನೈಜೀರಿಯಾದಲ್ಲಿ ಅದರ ಪ್ರಯೋಗ ನಡೆದಿದೆ.

2023ರಲ್ಲಿ ಕೇಂದ್ರ ಶುರು ಮಾಡಿದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ನಿನ ಗುರಿ 7 ಕೋಟಿ ಜನರ ತಪಾಸಣೆ, ಕೈಗೊಂದು ಕಾರ್ಡ್, 2047ಕ್ಕೆ ನಿರ್ಮೂಲನೆ. ಮದುವೆಗೆ ಮುಂಚೆ ಕಾರ್ಡ್ ಹೊಂದಿಸಿ ನೋಡಿ ಅಂತಾರೆ. ಅದು ಮುಂದೆ ಹುಟ್ಟೋ ಮಕ್ಕಳ ಲೆಕ್ಕ. ಈಗಾಗಲೇ ಹುಟ್ಟಿರೋರು? ಭಾರತದಲ್ಲಿ ಈ ಕಾಯಿಲೆ ಸೌಮ್ಯ ಅನ್ನೋ ಹಳೇ ವಾದವನ್ನು ಮಧ್ಯಭಾರತದ ರೋಗಿಗಳು ಸುಳ್ಳು ಮಾಡಿದ್ದಾರೆ.

ಮಿಷನ್ನಿನ ಪಟ್ಟಿಯಲ್ಲಿ ಕರ್ನಾಟಕವೂ ಇದೆ. ಎಚ್.ಡಿ. ಕೋಟೆಯ ಹಾಡಿಯ ಮಗುವಿಗೆ ಈ ಸ್ಕ್ಯಾನ್ ಎಲ್ಲಿ, ಯಾರು, ವರ್ಷಕ್ಕೆಷ್ಟು ಸಲ ಮಾಡ್ತಾರೆ? ಮುಂದಿನ ಸಲ ‘ಇಷ್ಟು ಲಕ್ಷ ತಪಾಸಣೆ’ ಅನ್ನೋ ಪ್ರಕಟಣೆ ಬಂದಾಗ, ಇದನ್ನೇ ಕೇಳಿ.